ಕುಳಿತ ಮೀನುಗಾರ್ತಿಯ ಚಿತ್ರ: ನೆರಳು ಬೂದಿಯಾಗುತ್ತದೆ, ಮೈ ತೇಲುತ್ತದೆ

ಕಡಲಕರೆ:
16×20 ಇಂಚಿನ ಕ್ಯಾನ್ವಾಸ್, ಆಯಿಲ್. ಮಲ್ಪೆ ಬಂದರಿನಲ್ಲಿ ಮಣೆ ಮೇಲೆ ಕೂತು ಬಂಗುಡೆ ಮಾರುವ ಹೆಂಗಸು, ಎದುರಿನಿಂದ. ಸ್ಟ್ರೋಕ್ ಎದ್ದು ಕಾಣಬೇಕು, ಬಣ್ಣ ನಾಲ್ಕೇ ಇರಬೇಕು. ಆದರೆ ನೆರಳೆಲ್ಲ ಬೂದಿಬೂದಿ, ಮೈ ಮಣೆಗೆ ತಾಗಿದ ಹಾಗೇ ಕಾಣುವುದಿಲ್ಲ. ಈ ಮಳೆಗೆ ಒಣಗುವುದೂ ಇಲ್ಲ. ಏನು ಮಾಡುವುದು?

ಮಸಿಕಡ್ಡಿ:
ಬೂದಿಯಾಗುವುದು ನೆರಳಿಗೆ ಬಿಳಿ ಸೇರಿದ್ದರಿಂದ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಝಾರ್ನ್ ಹೆಸರಿನ ಪ್ಯಾಲೆಟ್, ಅಂದರೆ ನಾಲ್ಕೇ ಬಣ್ಣದ ಗುಂಪು ಉಂಟಲ್ಲ, ಅದನ್ನೇ ಹಿಡಿಯಿರಿ: ಯೆಲ್ಲೋ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ (ಕೆಂಪು), ಐವರಿ ಬ್ಲ್ಯಾಕ್ (ಕಪ್ಪು), ಬಿಳಿ. ವರ್ಮಿಲಿಯನ್ ಬದಲು ಕ್ಯಾಡ್ಮಿಯಂ ರೆಡ್ ಆದೀತು. ಮೈಯ ನೆರಳಿಗೆ ಓಕರ್, ಕೆಂಪು, ಚೂರು ಕಪ್ಪು, ಅಷ್ಟೇ. ನೀಲಿ ಸೀರೆಗೆ ಬೇರೆ ಟ್ಯೂಬ್ ಬೇಡ; ಕಪ್ಪಿಗೆ ಬಿಳಿ ಬೆರೆಸಿದ್ದು ಓಕರ್ ಪಕ್ಕದಲ್ಲಿ ನೀಲಿಯಾಗಿಯೇ ಕಾಣುತ್ತದೆ.

ಬೆಳಕು, ನಡುವೆ, ನೆರಳು ಎಂದು ಮೂರು ಗುಡ್ಡೆ ಮೊದಲೇ ನೈಫಿನಲ್ಲಿ ಕಲಸಿಡಿ. 10ನೇ ನಂಬರಿನ ಫ್ಲ್ಯಾಟ್ ಹಾಗ್ ಬ್ರಷ್ (ಹಂದಿಕೂದಲಿನ ಚಪ್ಪಟೆ ಬ್ರಷ್) ಹಿಡಿಯಿರಿ, ಮುಖಕ್ಕೆ ಮಾತ್ರ 6. ಒಂದು ಸ್ಟ್ರೋಕ್ ಇಟ್ಟ ಮೇಲೆ ಕೈ ಎತ್ತಿ ಮಾರಾಯ್ರೆ! ಅದರ ಮೇಲೇ ಮೂರನೇ ಸಲ ಉಜ್ಜಿದರೆ ಅಡಿಯ ಬಣ್ಣ ಎದ್ದು ರಾಡಿಯಾಗುತ್ತದೆ. ನೆರಳಿನಿಂದ ಬೆಳಕಿಗೆ ಹೋಗುವಾಗ ಬ್ರಷ್ ಒರೆಸಲೇಬೇಕು.

ರಥಬೀದಿ:
ಬಿಳಿ ಪೂರ್ತಿ ಬೇಡ ಎನ್ನುವುದು ಇಲ್ಲಿ ನಡೆಯಲಿಕ್ಕಿಲ್ಲ. ಬಂದರಿನ ಒದ್ದೆ ಕಾಂಕ್ರೀಟು ಆಕಾಶದ ಬೆಳಕನ್ನು ಸೀರೆಯ ಅಡಿಗೆ ಎಸೆಯುತ್ತದೆ. ಅಲ್ಲಿ ತಣ್ಣನೆಯ ಬೂದು ಬೇಕು, ಆದರೆ ನಡುವಿನ ಗುಡ್ಡೆಗಿಂತ ಒಂದು ಮೆಟ್ಟಿಲು ಕಪ್ಪಾಗಿ.

ತೇಲುವುದು ಬಣ್ಣದ ದೋಷವಲ್ಲ, ಡ್ರಾಯಿಂಗಿನದ್ದು. ಮಣೆ ತಗ್ಗಿನದ್ದಾದ್ದರಿಂದ ಮೊಣಕಾಲು ಎದೆಯ ಹತ್ತಿರಕ್ಕೆ ಬರುತ್ತದೆ, ತೊಡೆ ಹೆಚ್ಚುಕಡಿಮೆ ಅದರ ಹಿಂದೆ ಅಡಗುತ್ತದೆ. ತೊಡೆಯ ಉದ್ದ ನಮಗೆ ಗೊತ್ತು ಎಂದು ಉದ್ದಕ್ಕೆ ಎಳೆದರೆ ಕೆಟ್ಟಿತು. ಅಡ್ಡಕ್ಕೆ, ದುಂಡನ್ನು ಸುತ್ತುವ ಹಾಗೆ ಎರಡು ಮೂರು ಸ್ಟ್ರೋಕ್ ಸಾಕು. ಸೀರೆಯ ನೆರಿಗೆ ಎರಡು ಮೊಣಕಾಲುಗಳಿಂದ ಹೊರಟು ನಡುವೆ ಜೋತುಬೀಳಬೇಕು. ಇಡೀ ಚಿತ್ರದ ಅತಿ ಕಪ್ಪು ಸ್ಟ್ರೋಕ್ ಸೀರೆ ಮಣೆಗೆ ತಾಗುವಲ್ಲೇ ಬರಲಿ, ಅದರ ಅಂಚು ಗಟ್ಟಿ ಇರಲಿ. ಭಾರ ಕೂರುವುದು ಅಲ್ಲಿ. ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಈ ದೃಷ್ಟಿಯಿಂದ ಒಮ್ಮೆ ನೋಡಿ.

ಆಟಿಮಳೆ:
ಒಣಗುವ ವಿಷಯ: ಐವರಿ ಬ್ಲ್ಯಾಕೂ ಕ್ಯಾಡ್ಮಿಯಂ ರೆಡ್ಡೂ ಮೊದಲೇ ನಿಧಾನ. ಅಡಿಪದರಕ್ಕೆ ಕಪ್ಪಿನ ಬದಲು ಬರ್ನ್ಟ್ ಅಂಬರ್ (ಕಡು ಕಂದು) ಟರ್ಪೆಂಟೈನಿನಲ್ಲಿ ತೆಳು ಮಾಡಿ. ಅದರ ಮ್ಯಾಂಗನೀಸ್ ಬೇಗ ಒಣಗಿಸುತ್ತದೆ. ಸೀಮೆಎಣ್ಣೆ ಬೇಡ, ಜಿಡ್ಡು ಉಳಿಯುತ್ತದೆ. ದಪ್ಪ ಬಣ್ಣ ಹಸಿ ಇರುವಾಗ ಮೇಲೆ ತೆಳುಪದರ ಕೊಟ್ಟರೆ ಬಿರುಕು ಬಿಡುವ ಸಂಭವ ಹೆಚ್ಚು. ಕಪಾಟಿನೊಳಗೆ ಇಡಬೇಡಿ, ಎಣ್ಣೆಗೆ ಗಾಳಿ ಬೆಳಕು ಎರಡೂ ಬೇಕು. ಗೋಡೆಯಿಂದ ಎರಡು ಇಂಚು ದೂರ ನಿಲ್ಲಿಸಿ, ಇಲ್ಲವಾದರೆ ಕ್ಯಾನ್ವಾಸಿನ ಬೆನ್ನಿಗೆ ಬೂಸ್ಟು.