ಬಸ್ ನಿಲ್ದಾಣದ ಪಕ್ಕ ಹಂಚಿಕೆ ವಾಹನಗಳ ತಾಣ: ಜಾಗ ಹೇಗೆ ಜೋಡಿಸುವುದು?

ಪ್ರಶ್ನೆ
ನಿಲ್ದಾಣಕ್ಕೆ ತಾಗಿ 30 ಮೀ. ಉದ್ದ, 5 ಮೀ. ಅಗಲದ ಪಟ್ಟಿ ಇದೆ. ಬಾಡಿಗೆ ಸೈಕಲ್, ಇ-ಸ್ಕೂಟರ್, ಎರಡು ಹಂಚಿಕೆ ಕಾರು (ಹಲವರು ಸರದಿಯಂತೆ ಬಾಡಿಗೆಗೆ ಬಳಸುವಂಥವು) ಬರಬೇಕು. ಗಾಲಿಕುರ್ಚಿಯವರಿಗೆ, ಕಣ್ಣು ಕಾಣದವರಿಗೆ ತೊಡಕಾಗಬಾರದು. ಎಲ್ಲಿಂದ ಶುರುಮಾಡಲಿ?

ಉತ್ತರ 1
ನಡೆಯುವ ದಾರಿಯಿಂದ. 1.8 ಮೀ. ಅಗಲವನ್ನು ಮೊದಲೇ ತೆಗೆದಿಡಿ, ಎರಡು ಗಾಲಿಕುರ್ಚಿ ಎದುರುಬದುರಾದರೂ ದಾಟುತ್ತವೆ. ತಿರುಗಲು 1.5 ಮೀ. ವ್ಯಾಸದ ಸಮತಟ್ಟು ಬೇಕು. ಇಳಿಜಾರು 1:12ಕ್ಕಿಂತ ಕಡಿದಾಗಬಾರದು, 15 ಸೆಂ.ಮೀ. ಎತ್ತರಕ್ಕೆ 1.8 ಮೀ. ಉದ್ದ ಹೋಗುತ್ತದೆ, ನಕ್ಷೆಯಲ್ಲಿ ಇದನ್ನೇ ಮರೆಯುವುದು ಹೆಚ್ಚು. ಕಾರುಗಳನ್ನು ರಸ್ತೆಗೆ ಸಮಾನಾಂತರವಾಗಿ, ತಲಾ 6 ಮೀ.ನಂತೆ ಒಂದು ತುದಿಗೆ ತಳ್ಳಿ. ಬಸ್ ಬಾಗಿಲಿನ ಹತ್ತಿರದ ಜಾಗ ಸೈಕಲ್‌ಗೆ ಇರಲಿ.

ಉತ್ತರ 2
ಕೆಡುವುದು ಸ್ಕೂಟರ್‌ನಿಂದ. ಆ್ಯಪ್‌ನಲ್ಲಿ ನಿಲುಗಡೆಯ ಗಡಿ ಹಾಕಿದರೆ ಸಾಲದು: ಜಿಪಿಎಸ್ ಕೆಲವು ಮೀಟರ್ ತಪ್ಪುತ್ತದೆ, ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ಹಾಗಾಗಿ ಸ್ಕೂಟರ್ ದಾರಿಯ ಮೇಲೆ ನಿಂತಿದ್ದರೂ ಸವಾರಿ ಮುಗಿಯುತ್ತದೆ. ಬಣ್ಣದ ಚೌಕದ ಜೊತೆ ಗಟ್ಟಿ ಸ್ಟ್ಯಾಂಡ್ ಹಾಕಿ. ಕಣ್ಣು ಕಾಣದವರಿಗೆ ದಾರಿ ತೋರುವ ಉಬ್ಬುಹಾಸಿನ ಎರಡೂ ಬದಿ 60 ಸೆಂ.ಮೀ. ಖಾಲಿ ಬಿಡಿ, ಇಲ್ಲದಿದ್ದರೆ ಚಾಚಿದ ಹ್ಯಾಂಡಲ್ ಬಿಳಿಕೋಲಿಗೆ ಸಿಗದೆ ನೇರ ಮೈಗೆ ತಾಗುತ್ತದೆ.

ಉತ್ತರ 3
ನೆಲಹಾಸಿಗೆ ಮುಂಚೆಯೇ ಚಾರ್ಜಿಂಗ್ ತಂತಿಗೆ ಪೈಪ್ ಹೂಳಿ, ಕೇಬಲ್ ಎಂದೂ ದಾರಿ ದಾಟಬಾರದು. ಸೈಕಲ್ ತುಂಬಿಸಿ ಒಯ್ಯುವ ವ್ಯಾನ್‌ಗೂ ನಿಲ್ಲಲು ಜಾಗ ಬೇಕು, ಇಲ್ಲದಿದ್ದರೆ ಅದು ಬಸ್ಸಿನ ಜಾಗದಲ್ಲೇ ನಿಲ್ಲುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಕಾರ್ಡ್ ಅಥವಾ ಫೋನ್ ಕರೆಯಿಂದ ಬೀಗ ತೆರೆಯುವ ವ್ಯವಸ್ಥೆಯನ್ನು ಗುತ್ತಿಗೆಯಲ್ಲೇ ಬರೆಸಿ.