ಸಹಾಯ ಬೇಕು: ಶಿಫಾರಸು ಪತ್ರವನ್ನು ಯಾವ ಶಿಕ್ಷಕರ ಹತ್ತಿರ ಕೇಳುವುದು?

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಪ್ರಬಂಧಗಳು ಒಂದು ಹಂತಕ್ಕೆ ಬಂದಿವೆ. ಶಿಫಾರಸು ಪತ್ರದ ವಿಷಯದಲ್ಲಿ ಮಾತ್ರ ತಲೆ ಓಡುತ್ತಿಲ್ಲ.

ಅವುಗಳಲ್ಲಿ ಒಂದಾದ ಎಂಐಟಿ (ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಶಿಕ್ಷಕರಿಂದ ಎರಡು ಪತ್ರ ಕೇಳುತ್ತದೆ. ಒಂದು ಗಣಿತ ಅಥವಾ ವಿಜ್ಞಾನ ಕಲಿಸಿದವರಿಂದ, ಇನ್ನೊಂದು ಭಾಷೆ, ಇತಿಹಾಸದಂಥ ವಿಷಯ ಕಲಿಸಿದವರಿಂದ. ಗಣಿತದ ಮೇಡಂ ಒಪ್ಪಿದ್ದಾರೆ. ಎರಡನೆಯದೇ ಕಷ್ಟ. ಇಂಗ್ಲಿಷ್‌ನಲ್ಲಿ ಅವಳಿಗೆ ಒಳ್ಳೆಯ ಅಂಕ ಇದೆ, ಆದರೆ ಆ ಸರ್‌ಗೆ ಅವಳ ಪರಿಚಯ ಅಷ್ಟಕ್ಕಷ್ಟೆ. ಇತಿಹಾಸದಲ್ಲಿ ಅಂಕ ಕಡಿಮೆ. ಆದರೆ ಒಂದು ಪ್ರಾಜೆಕ್ಟನ್ನು ಅವಳು ಮೂರು ಸಲ ತಿದ್ದಿ ಬರೆದದ್ದನ್ನು, ಮೊದಮೊದಲು ಬಾಯಿ ಬಿಡದವಳು ಕೊನೆಗೆ ಚರ್ಚೆಯಲ್ಲಿ ಎದ್ದು ನಿಂತದ್ದನ್ನು ಆ ಮೇಡಂ ಕಣ್ಣಾರೆ ಕಂಡಿದ್ದಾರೆ. ನನ್ನ ಮನಸ್ಸು ಅವರ ಕಡೆಗೇ ಇದೆ. ‘ಒಳ್ಳೆಯ ಹುಡುಗಿ, ಚೆನ್ನಾಗಿ ಓದುತ್ತಾಳೆ’ ಅಂತ ಸುಮ್ನೆ ಬರೆಯುವುದಕ್ಕಿಂತ ನಡೆದ ಒಂದು ಘಟನೆ ಜಾಸ್ತಿ ಹೇಳುತ್ತದೆ, ಅಲ್ವಾ? ಆದರೂ ಆ ಅಂಕ ನೆನೆದರೆ ಭಯವಾಗುತ್ತದೆ.

ಇನ್ನೊಂದು ವಿಷಯ. ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಅಂತ ಕಾಮನ್ ಆಪ್ (ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ) ಕೇಳುತ್ತದೆ. ವಿದ್ಯಾರ್ಥಿಗಳ ದಾಖಲೆಗಳ ಬಗ್ಗೆ ಅಮೆರಿಕ ಮಾಡಿದ 1974ರ ಫೆರ್ಪಾ ಕಾನೂನು ಕೊಟ್ಟ ಹಕ್ಕು ಅದು. ಬಿಟ್ಟುಕೊಟ್ಟರೆ ಶಿಕ್ಷಕರು ಮನಸ್ಸು ಬಿಚ್ಚಿ ಬರೆಯಬಹುದು, ಓದುವವರಿಗೂ ನಂಬಿಕೆ ಬರುತ್ತದೆ ಅನ್ನಿಸಿತು. ಮಗಳೂ ಒಪ್ಪಿದ್ದಾಳೆ.

ಅಂಕ ಕಡಿಮೆ ಇದ್ದ ವಿಷಯದ ಶಿಕ್ಷಕರಿಂದ ಪತ್ರ ಬರೆಸಿದವರು ಯಾರಾದರೂ ಇದ್ದೀರಾ? ಮೇಡಂಗೆ ನೆನಪಾಗಲಿ ಅಂತ ಅವಳ ಕೆಲಸದ ಬಗ್ಗೆ ಒಂದು ಪುಟ ಬರೆದು ಕೊಟ್ಟರೆ ಅತಿಯಾಗುತ್ತದಾ? ಎಷ್ಟು ವಾರ ಮುಂಚೆ ಕೇಳಿದಿರಿ? ನಿಮ್ಮ ಅನುಭವ ದಯವಿಟ್ಟು ತಿಳಿಸಿ.