ಒಂಬತ್ತನೇ ಕ್ಲಾಸಿಗೆ ಆಟೊಮೊಬೈಲ್ ತಗೋಬಹುದಾ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಕಸುಬು ಕಲಿಸುವ ವಿಷಯಗಳ ಬಗ್ಗೆ ದಿನಾ ಪ್ರಶ್ನೆ ಬರುತ್ತಿವೆ. ಇವತ್ತು ನಮ್ಮ ಗುಂಪಿನ ತರಬೇತುದಾರ ಮೇಡಂ ಉತ್ತರ ಕೊಡುತ್ತಾರೆ. ಆಟೊಮೊಬೈಲ್ ಡಿಪ್ಲೊಮಾ ಮಾಡಿ, ಆರು ವರ್ಷ ಕಾರ್ ಸರ್ವೀಸ್ ಸೆಂಟರಿನಲ್ಲಿ ದುಡಿದವರು. ಒಂಬತ್ತು ವರ್ಷದಿಂದ ಸರ್ಕಾರಿ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ. ಗುಡ್ ಮಾರ್ನಿಂಗ್ ಫೋಟೊನೂ ಬೇಡ.

ಶಿರಸಿ ಅಮ್ಮ: ಮೇಡಂ, ಮಗಳ ಶಾಲೆಯಲ್ಲಿ ಹಿಂದಿ ಬದಲು ಐಟಿ ತಗೊಳ್ಳಿ ಅಂತಾರೆ. ಏನಿದು? ತಗೊಂಡರೆ ಮುಂದೆ ಪಿಯು ಸೈನ್ಸ್ ಸಿಗುತ್ತಾ?

ತರಬೇತುದಾರ ಮೇಡಂ: ಇದಕ್ಕೆ ಎನ್‌ಎಸ್‌ಕ್ಯೂಎಫ್ ಅಂತಾರೆ. ಅಂದರೆ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, 2013ರಲ್ಲಿ ಕೇಂದ್ರ ಸರ್ಕಾರ ತಂದದ್ದು. ನಮ್ಮ ರಾಜ್ಯದಲ್ಲಿ ಇದು ಇರುವ ಶಾಲೆಗಳಲ್ಲಿ 9 ಮತ್ತು 10ನೇ ತರಗತಿಯ ಮಕ್ಕಳು ತೃತೀಯ ಭಾಷೆಯ ಜಾಗದಲ್ಲಿ ಒಂದು ಕಸುಬನ್ನು ಓದಬಹುದು. ಐಟಿ, ರಿಟೇಲ್, ಆಟೊಮೊಬೈಲ್, ಬ್ಯೂಟಿ, ಎಲೆಕ್ಟ್ರಾನಿಕ್ಸ್, ಹೊಲಿಗೆ, ಹೀಗೆ. ಎಲ್ಲ ಶಾಲೆಯಲ್ಲೂ ಎಲ್ಲವೂ ಇರುವುದಿಲ್ಲ. ಎಸ್ಸೆಸ್ಸೆಲ್ಸಿಯ ಉಳಿದ ಐದು ವಿಷಯ ಎಲ್ಲರ ಹಾಗೇ. ಗಣಿತ, ವಿಜ್ಞಾನ ಇದ್ದೇ ಇರುತ್ತವೆ. ಹಾಗಾಗಿ ಸೈನ್ಸ್ ತಗೋಬಹುದು.

ಆದರೆ ಒಪ್ಪಿಗೆ ಕೊಡುವ ಮೊದಲು ಒಂದು ಸಲ ಶಾಲೆಗೆ ಹೋಗಿ ಲ್ಯಾಬಿನ ಬಾಗಿಲು ತೆಗೆಸಿ ನೋಡಿ. ಕಂಪ್ಯೂಟರ್ ಮೇಲೆ ಹಾಕಿದ ಪ್ಲಾಸ್ಟಿಕ್ ಕವರ್ ಇನ್ನೂ ಹಾಗೇ ಇದ್ದರೆ ಅರ್ಥ ಮಾಡಿಕೊಳ್ಳಿ.

ತಿಪಟೂರು ತೆಂಗು: ಮೇಡಂ, ಎನ್‌ಎಸ್‌ಕ್ಯೂಎಫ್ ತಗೊಂಡರೆ ಪಿಯುನಲ್ಲಿ ಸೈನ್ಸ್ ಕೊಡ್ತಾರಾ?

ಮೇಡಂ: ಕೊಡುತ್ತಾರೆ. ಮೇಲೆ ನೋಡಿ.

ಬಳ್ಳಾರಿ ಬಿಸಿಲು: ಇದನ್ನ ಎಲ್ಲರಿಗೂ ಕಳಿಸಿ. "ಹತ್ತನೇ ಫೇಲ್ ಆದವರಿಗೆ ಸಿಹಿಸುದ್ದಿ!! ಮನೆಯಲ್ಲೇ ಕೂತು 30 ದಿನದಲ್ಲಿ ಐಟಿಐ ಸರ್ಟಿಫಿಕೇಟ್, ಕೆಲಸ ಗ್ಯಾರಂಟಿ. ಹತ್ತು ಜನಕ್ಕೆ ಫಾರ್ವರ್ಡ್ ಮಾಡಿ ಲಿಂಕ್ ಪಡೆಯಿರಿ."

ಮೇಡಂ: ಕಳಿಸಬೇಡಿ. ಐಟಿಐನಲ್ಲಿ ಫಿಟ್ಟರ್ ಎರಡು ವರ್ಷ, ಎಲೆಕ್ಟ್ರಿಷಿಯನ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. 30 ದಿನದ ಐಟಿಐ ಭೂಮಿಯ ಮೇಲೆ ಇಲ್ಲ. ಮೊಬೈಲ್ ನೋಡಿ ವೆಲ್ಡಿಂಗ್ ಕಲಿತವನ ಕೈಲಿ ನಿಮ್ಮ ಮನೆ ಗೇಟು ಮಾಡಿಸುತ್ತೀರಾ?

ಬಳ್ಳಾರಿ ಬಿಸಿಲು: ಬಂದಿದ್ದನ್ನ ಕಳಿಸಿದೆ ಅಷ್ಟೇ. ಸಿಟ್ಟು ಯಾಕೆ?

ಇನ್ನೊಬ್ಬ ತರಬೇತುದಾರ: ಮೇಡಂ, ನಮ್ಮನ್ನು ಕೆಲಸಕ್ಕೆ ಇಟ್ಟುಕೊಂಡ ಏಜೆನ್ಸಿಯಿಂದ ಮೂರು ತಿಂಗಳಿಂದ ಸಂಬಳ ಬಂದಿಲ್ಲ. ನಿಮಗೆ ಬಂತಾ?

ಆಟೊ ಅಪ್ಪ: ಮೇಡಂ ನಮಸ್ಕಾರ. ನಾನು ಆಟೊ ಓಡಿಸ್ತೀನಿ. ಮಗ ಒಂಬತ್ತನೇ ಕ್ಲಾಸು, ಆಟೊಮೊಬೈಲ್ ತಗೊಂಡಿದ್ದಾನೆ. ದಸರಾ ಆದಮೇಲೆ ಅವನ ಮೇಷ್ಟ್ರು ಕೆಲಸ ಬಿಟ್ಟು ಹೋದರು, ಬೇರೆಯವರು ಬಂದಿಲ್ಲ. ಪ್ರಾಕ್ಟೀಸ್ ಆಗಲಿ, ಯಾವುದಾದರೂ ಗ್ಯಾರೇಜಿಗೆ ಹೋಗಲಿ ಅಂದರು ಶಾಲೆಯಲ್ಲಿ. ಹಾಗೆ ಶುರುವಾಗಿದ್ದು. ಈಗ ದಿನಾ ಮಧ್ಯಾಹ್ನ ಊಟ ಮಾಡಿ ಗ್ಯಾರೇಜಿಗೇ ಹೋಗ್ತಾನೆ, ರಾತ್ರಿ ಎಂಟಕ್ಕೆ ಬರ್ತಾನೆ. ಓನರ್ ದಿನಕ್ಕೆ 150 ಕೊಡ್ತಾರೆ. ಕೈ ಚುರುಕು. ಸ್ಕ್ರೂಡ್ರೈವರ್ ತುದಿ ಇಂಜಿನಿಗೆ ಇಟ್ಟು, ಹಿಡಿ ಕಿವಿಗೆ ಇಟ್ಟು, ಯಾವ ಬೇರಿಂಗ್ ಹೋಗಿದೆ ಅಂತ ಹೇಳ್ತಾನೆ. ಮೊನ್ನೆ ಶುಕ್ರವಾರ ಬ್ಯಾಟರಿ ಆಸಿಡ್ ಮುಖಕ್ಕೆ ಹಾರಿತು. ಗ್ಯಾರೇಜಿನವರು ಟೂತ್‌ಪೇಸ್ಟ್ ಹಚ್ಚಿ ಕಳಿಸಿದರು. ಒಂದು ಕಣ್ಣು ಇನ್ನೂ ಕೆಂಪಾಗಿದೆ. ಈಗ ಶಾಲೆನೇ ಬೇಡ ಅಂತಾನೆ. ಬಿಡಿಸಲಾ?

ಮೇಡಂ: ಯಜಮಾನರೇ, ಶಾಲೆ ವಿಷಯ ಆಮೇಲೆ. ಮೊದಲು ಕಣ್ಣು. ಇವತ್ತು ಭಾನುವಾರ, ಆದರೂ ಜಿಲ್ಲಾ ಆಸ್ಪತ್ರೆಯಲ್ಲಿ ತುರ್ತು ವಿಭಾಗ ತೆರೆದಿರುತ್ತೆ. ಈಗಲೇ ಹೊರಡಿ. ಬ್ಯಾಟರಿ ಆಸಿಡ್ ಕಣ್ಣಿಗೆ ಬಿದ್ದಿದೆ ಅಂತ ಹೇಳಿ. ಎರಡು ದಿನ ಆದಮೇಲೂ ಕೆಂಪು ಇದೆ ಅಂದರೆ ಸುಮ್ನೆ ಬಿಡುವ ಮಾತಲ್ಲ. ದಾರಿಯಲ್ಲಿ ಮಿಕ್ಕಿದ್ದನ್ನು ಓದಿ.

ದಾವಣಗೆರೆ ಬೆಣ್ಣೆ: ಅಣ್ಣಾ ಹೆದರಬೇಡಿ. ಆಸಿಡ್ ಬಿದ್ದರೆ ಸುಣ್ಣದ ತಿಳಿ ಹಾಕಿ, ಆಸಿಡ್ ಸತ್ತುಹೋಗುತ್ತೆ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬಂದಿತ್ತು.

ಮೇಡಂ: ದಯವಿಟ್ಟು ಇದನ್ನು ಅಳಿಸಿ. ಅಡ್ಮಿನ್, ನೀವಾದರೂ ಅಳಿಸಿ. ಸುಣ್ಣ ಕ್ಷಾರ. ಕಣ್ಣಿಗೆ ಕ್ಷಾರ ಬಿದ್ದರೆ ಆಸಿಡ್‌ಗಿಂತ ಜಾಸ್ತಿ ಒಳಗೆ ಸುಡುತ್ತದೆ. ಸುಣ್ಣ ಬೇಡ, ಅಡುಗೆ ಸೋಡಾ ಬೇಡ, ಹಾಲು ಬೇಡ, ತುಪ್ಪ ಬೇಡ, ಟೂತ್‌ಪೇಸ್ಟ್ ಹಲ್ಲಿಗೆ. ಆಸಿಡ್ ಬಿದ್ದ ಕ್ಷಣದಲ್ಲಿ ಬೇಕಾದ್ದು ನೀರು. ನಲ್ಲಿ ಕೆಳಗೆ ರೆಪ್ಪೆ ಬಿಡಿಸಿ ಹಿಡಿದು, ಕಡಿಮೆ ಅಂದರೂ 20 ನಿಮಿಷ ಹರಿಯುವ ನೀರು. ಆಮೇಲೆ ಡಾಕ್ಟರ್. ನನ್ನ ಲ್ಯಾಬಿನಲ್ಲಿ ಬ್ಯಾಟರಿ ಪಾಠ ಶುರುವಾಗುವುದೇ ಬಕೆಟ್ ತುಂಬಿಸುವುದರಿಂದ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಯಾವತ್ತೂ ಹಾಕಬಾರದು. ಇದು ಬಾಯಿಪಾಠ ಆಗುವ ತನಕ ಕ್ಯಾಪ್ ಮುಟ್ಟಲು ಬಿಡುವುದಿಲ್ಲ.

ದಾವಣಗೆರೆ ಬೆಣ್ಣೆ: ನಮ್ಮ ಅಜ್ಜಿ ಕಾಲದ ಮದ್ದು ಎಲ್ಲ ಸುಳ್ಳಾ ಹಂಗಾದ್ರೆ?

ಮೇಡಂ: ನಿಮ್ಮ ಅಜ್ಜಿ ಕಾಲದಲ್ಲಿ ಬ್ಯಾಟರಿ ಬಿಚ್ಚುತ್ತಿದ್ದರಾ?

ಕೋಲಾರ ಟೊಮೆಟೊ: ಮೇಡಂ ಸೈನ್ಸ್ ತಗೋಬಹುದಾ ಮುಂದೆ?

ಮೇಡಂ: ಹೌದು.

ಮೇಡಂ: ಆಟೊ ಅಪ್ಪ ಅವರಿಗೆ, ಮುಂದಿನದು.

ನಿಮ್ಮ ಮಗನನ್ನು ಬೈಯಬೇಡಿ. ಬೇರಿಂಗ್ ಸದ್ದು ಕಿವಿಯಲ್ಲಿ ಹಿಡಿಯುವುದು ನನಗೆ ಸರ್ವೀಸ್ ಸೆಂಟರಿನಲ್ಲಿ ಎರಡನೇ ವರ್ಷ ಬಂತು. ಹುಡುಗ ನಿಜಕ್ಕೂ ಕಲಿಯುತ್ತಿದ್ದಾನೆ. ನನಗೆ ಭಯ ಅದೇ. ಕಲಿಯದ ಹುಡುಗನನ್ನು ಓನರ್ ನಾಲ್ಕು ದಿನಕ್ಕೆ ಓಡಿಸುತ್ತಾನೆ. ಕಲಿಯುವವನನ್ನು ಬಿಡುವುದಿಲ್ಲ.

ಶಾಲೆಯಿಂದ ಗ್ಯಾರೇಜ್ ನೋಡಲು ಕರೆದುಕೊಂಡು ಹೋಗುವುದು ಬೇರೆ. ಜೊತೆಗೆ ಟೀಚರ್ ಇರಬೇಕು, ಇಂತಿಷ್ಟು ದಿನ ಅಂತ ಇರಬೇಕು, ಏನು ಕಲಿತ ಅಂತ ಬರೆದಿಡಬೇಕು. ನಿಮ್ಮ ಮಗನದು ಹಾಗಲ್ಲ. ಪಾಠ ಬಿಟ್ಟು ದಿನಾ ಆರು ಗಂಟೆ ದುಡಿತ, 150 ರೂಪಾಯಿ ಕೂಲಿ. ಇದನ್ನು ಪ್ರಾಕ್ಟೀಸ್ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನಿನ ಪ್ರಕಾರ 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 14 ದಾಟಿದರೂ 18ರ ತನಕ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಶಾಲೆ ಬಾಯಿಮಾತಲ್ಲಿ "ಹೋಗಲಿ" ಅಂದಿದೆ ಅಲ್ವಾ? ನಾಳೆ ಏನಾದರೂ ಆದರೆ ಆ ಮಾತು ಯಾರೂ ಆಡಿರುವುದಿಲ್ಲ. ಮುಖ್ಯ ಶಿಕ್ಷಕರಿಗೆ ಪತ್ರ ಕೊಡಿ. ತರಬೇತುದಾರ ಇಲ್ಲ, ಬೇರೆಯವರನ್ನು ಕೊಡಿ ಅಂತ. ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಅವನ ಹಾಜರಿ ಎಷ್ಟಿದೆ ಅಂತನೂ ಕೇಳಿ. ಎಸ್ಸೆಸ್ಸೆಲ್ಸಿಗೆ ಕೂರಲು 75 ಪರ್ಸೆಂಟ್ ಹಾಜರಿ ಬೇಕು. ಈಗಿನಿಂದಲೇ ಮಧ್ಯಾಹ್ನ ತಪ್ಪಿಸುವ ಅಭ್ಯಾಸ ಆದರೆ ಮುಂದಿನ ವರ್ಷ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ.

ಇನ್ನೊಂದು, ಅವನು ಗಾಡಿ ಕೆಳಗೆ ಮಲಗುತ್ತಾನಾ? ಜ್ಯಾಕ್ ಒಂದನ್ನೇ ನಂಬಿ ಮಲಗುತ್ತಾನಾ? ಕೇಳಿ ಹೇಳಿ.

ಶಾಲೆ ಬಿಟ್ಟರೆ ಏನಾಗುತ್ತೆ ಅಂದರೆ, ಇವತ್ತಿನ 150 ನಾಲ್ಕು ವರ್ಷದಲ್ಲಿ 500 ಆಗಬಹುದು. ಆಮೇಲೆ ಅಲ್ಲೇ ನಿಲ್ಲುತ್ತೆ. ಹತ್ತನೇ ಪಾಸಾದರೆ ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಟ್ರೇಡ್ ಎರಡು ವರ್ಷ. ಅದಕ್ಕೆ ಗಣಿತ, ವಿಜ್ಞಾನ ಓದಿ ಹತ್ತನೇ ಪಾಸಾಗಿರಲೇಬೇಕು. ಐಟಿಐ ಮುಗಿಸಿದವನಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ದಾರಿ ಇದೆ. ಡಿಪ್ಲೊಮಾ ಆದಮೇಲೆ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ. ಅಷ್ಟು ದೂರ ಹೋಗದಿದ್ದರೂ ಪರವಾಗಿಲ್ಲ, ಬಾಗಿಲು ಮುಚ್ಚಿಕೊಳ್ಳುವುದು ಬೇಡ.

ಹಾಸನದ ಹಳ್ಳಿಗ: ಮೇಡಂ ಒಳ್ಳೆಯ ಮಾತು ಹೇಳಿದಿರಿ. ಆದರೆ ಒಂದು ಕೇಳ್ತೀನಿ. ಈ ಎನ್‌ಎಸ್‌ಕ್ಯೂಎಫ್ ಸರ್ಕಾರಿ ಶಾಲೆಯಲ್ಲೇ ಯಾಕೆ ಹೆಚ್ಚು? ದುಡ್ಡಿದ್ದವರ ಮಕ್ಕಳು ನೀಟ್ ಕೋಚಿಂಗ್, ನಮ್ಮ ಮಕ್ಕಳು ಸ್ಪ್ಯಾನರ್. 1953ರಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಾಜಿ ಅರ್ಧ ದಿನ ಶಾಲೆ, ಅರ್ಧ ದಿನ ಅಪ್ಪನ ಕಸುಬು ಅಂತ ತಂದಿದ್ದರು. ಜನ ಕುಲಕಸುಬಿನ ಶಿಕ್ಷಣ ಅಂತ ಬೈದು ಎಬ್ಬಿಸಿದರು. ಮರುವರ್ಷ ಕಾಮರಾಜ್ ಮುಖ್ಯಮಂತ್ರಿಯಾಗಿ ಬಂದು ಅದನ್ನ ಕೈಬಿಟ್ಟರು. ಇದು ಅದರದ್ದೇ ಮರಿ.

ಜೆಟಿಎಸ್ ಹುಡುಗ: ಸುಮ್ನೆ ಎಲ್ಲದಕ್ಕೂ ಅದನ್ನ ತರಬೇಡಿ. ನಾನು ಕಿರಿಯ ತಾಂತ್ರಿಕ ಶಾಲೆಯಲ್ಲಿ ಓದಿದವನು. ಅಪ್ಪ ಹಮಾಲಿ. ಎಂಟನೇ ಕ್ಲಾಸಿನಲ್ಲಿ ಒಂದು ಕಬ್ಬಿಣದ ತುಂಡು ಕೊಟ್ಟು ಫೈಲ್‌ನಲ್ಲಿ ಉಜ್ಜಿ ಚೌಕ ಮಾಡು ಅಂದರು. ಒಂದು ತಿಂಗಳು ಉಜ್ಜಿದೆ. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದು, ಸಂದಿಯಲ್ಲಿ ಬೆಳಕು ಕಂಡರೆ ಮೇಷ್ಟ್ರು ವಾಪಸ್ ಎಸೆಯೋರು. ಎಸ್ಸೆಸ್ಸೆಲ್ಸಿಯಲ್ಲಿ ನಮಗೆ ಇಂಜಿನಿಯರಿಂಗ್ ಡ್ರಾಯಿಂಗೇ ಒಂದು ವಿಷಯ. ಇವತ್ತು ಪೀಣ್ಯದಲ್ಲಿ ಟೂಲ್ ರೂಮ್ ನಡೆಸ್ತಾ ಇದೀನಿ. ನನ್ನದು ಕುಲಕಸುಬಾ?

ಹಾಸನದ ಹಳ್ಳಿಗ: ನೀವೊಬ್ಬರು ಗೆದ್ದಿರಿ, ಸಂತೋಷ. ನಿಮ್ಮ ಮಗ ಯಾವ ಶಾಲೆ?

ಜೆಟಿಎಸ್ ಹುಡುಗ: ಅದು ನಿಮಗೆ ಸಂಬಂಧ ಇಲ್ಲ.

ಹಾಸನದ ಹಳ್ಳಿಗ: ಉತ್ತರ ಸಿಕ್ಕಿತು ಬಿಡಿ.

ಹಿಂದಿ ಶಿಕ್ಷಕಿ: ಇದನ್ನೆಲ್ಲ ತಂದು ನಮ್ಮ ಪೀರಿಯಡ್‌ಗೇ ಯಾಕೆ ಸೇರಿಸಬೇಕು? ಕಸುಬು ಬೇಕಿದ್ದರೆ ಏಳನೇ ವಿಷಯ ಮಾಡಿ. ನನ್ನ ಕ್ಲಾಸಿನಲ್ಲಿ 62 ಮಕ್ಕಳಿದ್ದರು, ಈಗ 11.

ಬಳ್ಳಾರಿ ಬಿಸಿಲು: ಬಿಡಿ ಟೀಚರ್, ಹಿಂದಿ ಯಾರಿಗೆ ಬೇಕು.

ಹಿಂದಿ ಶಿಕ್ಷಕಿ: 30 ದಿನದ ಐಟಿಐ ಹಂಚುವವರು ನನಗೆ ಬುದ್ಧಿ ಹೇಳಬೇಡಿ.

ಅಡ್ಮಿನ್: ವಿಷಯಕ್ಕೆ ಬನ್ನಿ ಪ್ಲೀಸ್.

ಮೈಸೂರು ಪಾಕ: 1966ರ ಕೊಠಾರಿ ಶಿಕ್ಷಣ ಆಯೋಗದ ವರದಿಯಲ್ಲೇ ಕೆಲಸದ ಅನುಭವ ಇರಬೇಕು ಅಂತ ಇತ್ತು. ನಮ್ಮ ಪಿಯುಗಳಲ್ಲಿ ಕಸುಬು ಕಲಿಸುವ ಜೆಒಸಿ ಕೋರ್ಸ್ ಬಂತು, ಮುಚ್ಚಿತು. 2020ರ ಶಿಕ್ಷಣ ನೀತಿ 2025ರೊಳಗೆ ಅರ್ಧದಷ್ಟು ಮಕ್ಕಳಿಗೆ ವೃತ್ತಿ ಶಿಕ್ಷಣದ ಪರಿಚಯ ಆಗಬೇಕು ಅಂದಿತು. ಇದೂ ಹಾಗೇ ಆಗುವುದಿಲ್ಲ ಅಂತ ಏನು ನಂಬಿಕೆ ಮೇಡಂ?

ಮೇಡಂ: ನಂಬಿಕೆ ಏನಿಲ್ಲ. ನಾಳೆ ಬೆಳಿಗ್ಗೆ 9 ಗಂಟೆಗೆ 38 ಮಕ್ಕಳು ಲ್ಯಾಬಿನ ಮುಂದೆ ನಿಂತಿರುತ್ತಾರೆ, ನನ್ನ ಹತ್ತಿರ ಇರುವುದು ಎರಡು ಸ್ಪ್ಯಾನರ್ ಸೆಟ್. ನಾನು ಯೋಚಿಸುವುದು ಅಷ್ಟೇ. ಹಳ್ಳಿಗ ಅವರ ಪ್ರಶ್ನೆ ಸರಿ ಇದೆ. ಖಾಸಗಿ ಶಾಲೆಯ ಮಕ್ಕಳ ಕೈಗೂ ಸ್ಪ್ಯಾನರ್ ಕೊಡಬೇಕು. ಅಲ್ಲಿ ಕೊಟ್ಟಿಲ್ಲ ಅಂತ ಇಲ್ಲಿ ಕಿತ್ತುಕೊಳ್ಳುವುದಕ್ಕೆ ನಾನು ತಯಾರಿಲ್ಲ.

ಗದಗ ಹುಡುಗಿ: ಮೇಡಂ, ನಾನು ಎಂಟನೇ ಕ್ಲಾಸು, ಅಮ್ಮನ ಫೋನಿನಿಂದ ಬರೀತಿದ್ದೀನಿ. ನಮ್ಮ ಶಾಲೆಯಲ್ಲಿ ಬ್ಯೂಟಿ, ಆಟೊಮೊಬೈಲ್ ಎರಡೂ ಇವೆ. ಹುಡುಗಿಯರಿಗೆ ಬ್ಯೂಟಿ ಅಂತ ಈಗಲೇ ಬರ್ಕೊಂಡಾರ. ನನಗ ಆಟೊಮೊಬೈಲ್ ಬೇಕು.

ಮೇಡಂ: ಹಾಗಂತ ನಿಯಮ ಏನೂ ಇಲ್ಲ ಪುಟ್ಟಿ. ಅಮ್ಮನ ಕೈಲಿ ಅರ್ಜಿ ಬರೆಸಿ ಕೊಡು. ಒಪ್ಪದಿದ್ದರೆ ನನಗೆ ಮೆಸೇಜ್ ಮಾಡು. ನನ್ನ ಕ್ಲಾಸಿನಲ್ಲಿ ಈ ವರ್ಷ 9 ಹುಡುಗಿಯರಿದ್ದಾರೆ. ಬೋಲ್ಟ್ ಬೇಕಾದಷ್ಟು ಬಿಗಿಯಾದಾಗ ಟಾರ್ಕ್ ರೆಂಚ್ ಮಾಡುವ 'ಕಟ್' ಸದ್ದಿಗೆ ಕೈ ನಿಲ್ಲಿಸುವವರು ಅವರೇ. ಹುಡುಗರು ಇನ್ನೊಂದು ಸುತ್ತು ಬಿಗಿದು ಬೋಲ್ಟಿನ ಥ್ರೆಡ್ ಹಾಳು ಮಾಡುತ್ತಾರೆ.

ಮಂಗಳೂರು ಮಳೆ: ನಮ್ಮಲ್ಲಿ ತುಳು ತೃತೀಯ ಭಾಷೆಯಾಗಿ ಇದೆ. ತುಳುನೂ ಬೇಕು, ಕಸುಬೂ ಬೇಕು ಅಂದರೆ?

ಚಿಕ್ಕೋಡಿ ಸರ್: ಮೇಡಮ್ಮಾರೇ, ನನ್ನ ಗಾಡಿ ಬೆಳಿಗ್ಗೆ ಬೆಳಿಗ್ಗೆ ಸ್ಟಾರ್ಟ್ ಆಗವಲ್ದು. ಏನಿರಬಹುದ್ರೀ?

ತಿಪಟೂರು ತೆಂಗು: ಮೇಡಂ ಸೈನ್ಸ್ ಓಕೆ. ಕಾಮರ್ಸ್?

ಮೇಡಂ: ಸೈನ್ಸ್, ಕಾಮರ್ಸ್, ಆರ್ಟ್ಸ್, ಐಟಿಐ, ಡಿಪ್ಲೊಮಾ. ಎಲ್ಲ. ಇನ್ನು ಇದಕ್ಕೆ ಉತ್ತರಿಸುವುದಿಲ್ಲ.

ಆಟೊ ಅಪ್ಪ: ಮೇಡಂ, ಆಸ್ಪತ್ರೆಯಲ್ಲಿದ್ದೀವಿ. ಡಾಕ್ಟರ್ ಕಣ್ಣು ತೊಳೆದು ಡ್ರಾಪ್ಸ್ ಬರೆದುಕೊಟ್ಟರು. ಕರಿಗುಡ್ಡೆ ಮೇಲೆ ಸಣ್ಣ ಗಾಯ ಇದೆಯಂತೆ, ನಾಡಿದ್ದು ಮತ್ತೆ ತೋರಿಸಬೇಕು. ಇನ್ನೂ ತಡ ಮಾಡಿದ್ದರೆ ಕಷ್ಟ ಇತ್ತು ಅಂದರು. ಜ್ಯಾಕ್ ಒಂದರ ಮೇಲೇ ಮಲಗ್ತಾನಂತೆ, ಎಲ್ಲರೂ ಹಾಗೇ ಮಾಡ್ತಾರಂತೆ. ಅವನೇ ಏನೋ ಕೇಳಬೇಕಂತೆ, ಫೋನ್ ಕೊಡ್ತೀನಿ.

ಆಟೊ ಅಪ್ಪ: ಮೇಡಂ, ನಾನು ಮಗ. ನಮ್ಮ ಜ್ಯಾಕ್ ಒಂದು ಕೈಯಲ್ಲಿ ಕಾರೇ ಎತ್ತುತ್ತೆ. ಅಂಥದ್ದು ಯಾಕೆ ಕೆಳಗೆ ಬೀಳುತ್ತೆ?

ಮೇಡಂ: ಒಳಗೆ ಎಣ್ಣೆ ತಡೆಯುವ ರಬ್ಬರ್ ಸೀಲ್ ಇದೆ. ಅದು ಸವೆದರೆ ಎಣ್ಣೆ ಹಿಂದಕ್ಕೆ ಹೋಗುತ್ತೆ, ಜ್ಯಾಕ್ ಇಳಿಯುತ್ತೆ. ಅದು ಯಾವತ್ತು ಅಂತ ಹೇಳಿ ಇಳಿಯುವುದಿಲ್ಲ. ಜ್ಯಾಕ್ ಎತ್ತುವುದಕ್ಕೆ. ಹೊರುವುದಕ್ಕೆ ಸ್ಟ್ಯಾಂಡ್ ಇಡಬೇಕು, ಚಕ್ರಕ್ಕೆ ಕಲ್ಲು ಕೊಡಬೇಕು. ಈಗ ನೀನು ಹೇಳು. ಜ್ಯಾಕಿನ ಸಣ್ಣ ಪಿಸ್ಟನ್ ಅಡ್ಡಳತೆ 1 ಸೆಂಟಿಮೀಟರ್, ದೊಡ್ಡದು 4 ಸೆಂಟಿಮೀಟರ್. ನೀನು ಒತ್ತಿದ್ದಕ್ಕಿಂತ ಎಷ್ಟು ಪಟ್ಟು ಜಾಸ್ತಿ ಎತ್ತುತ್ತೆ?

ಆಟೊ ಅಪ್ಪ: 4 ಪಟ್ಟು?

ಮೇಡಂ: ಅಲ್ಲ. ಎಣ್ಣೆ ತಳ್ಳುವುದು ಪಿಸ್ಟನ್ನಿನ ಇಡೀ ಮುಖವನ್ನು, ಅಡ್ಡಗೆರೆಯನ್ನಲ್ಲ. ವೃತ್ತದ ವಿಸ್ತೀರ್ಣ ನೆನಪಿದೆಯಾ?

ಕೋಲಾರ ಟೊಮೆಟೊ: ಮೇಡಂ ನನ್ನ ಪ್ರಶ್ನೆಗೆ ಬರೀ ಹೌದು ಅಂದಿರಿ, ಸ್ವಲ್ಪ ವಿವರಿಸಿ.

ಹಾಸನದ ಹಳ್ಳಿಗ: ಸುಮ್ನಿರ್ರೀ, ಹುಡುಗ ಲೆಕ್ಕ ಮಾಡ್ತಾ ಇದಾನೆ.

ಆಟೊ ಅಪ್ಪ: 16 ಮೇಡಂ.

ಮೇಡಂ: ಹೂಂ. ನಾಳೆ ಗ್ಯಾರೇಜಿಗೆ ಹೋಗಬೇಡ. ಈಗ ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚು, ಫೋನ್ ಅಪ್ಪನಿಗೆ ಕೊಡು.